ಫಳಫಳ ಹೊಳೆದ ಟ್ಯಾಂಕು

"ನನ್ನ ತಲೆ ಮೇಲೆ ಗೂಬೆ ಕೂರಿಸಿದ್ದಾರೆ ಸಾರ್! ಸಾಯಂಕಾಲದೊಳಗೆ ಕೆಲಸ ಹೋಗತ್ತೆ," ಎನ್ನುತ್ತಾ ಅಂಟು ಕಾರ್ಖಾನೆಯ ಮೇಲ್ವಿಚಾರಕ ನಮ್ಮ ಅಡುಗೆಮನೆಗೇ ನುಗ್ಗಿದ.

ನನ್ನ ಭಾವ ಪೊಲೀಸ್ ಪತ್ತೇದಾರರಾಗಿ ನಿವೃತ್ತರಾದ ಮೇಲೆ ಆ ಕಾರ್ಖಾನೆಯ ಅತಿಥಿಗೃಹ ನೋಡಿಕೊಳ್ಳುತ್ತಿದ್ದರು. ಅಡುಗೆ ನನ್ನದು. ಕಾರ್ಖಾನೆಯವರೊಡನೆ ಕೆಲಸ ಮಾಡುವುದನ್ನು ಕಲಿಯಲೆಂದು ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಆಗ ನಮ್ಮಲ್ಲಿ ತಂಗಿದ್ದರು: ಹೆಸರಾಂತ ಪ್ರೊಫೆಸರು ಮತ್ತು ಅವರ ಶಿಷ್ಯೆ. ಶಿಷ್ಯೆ ನಾನು ಕೊಟ್ಟ ಲೋಟದಲ್ಲೇ ಚಹಾ ಕುಡಿಯುವವಳು. ಪ್ರೊಫೆಸರು ಮಾತ್ರ ನಾನು ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆದು, ಬೋರಲು ಹಾಕಿ, ಆರಿದ ಮೇಲೆ ಮುಟ್ಟುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂದು ಬೆಳಗ್ಗೆ ಕಾರ್ಖಾನೆಯ ಮಾಲಕಿಯ ಎದುರು ಆ ವಿಜ್ಞಾನಿಗಳ ಹೊಸ ಅಂಟನ್ನು ದೊಡ್ಡ ಟ್ಯಾಂಕಿನಲ್ಲಿ ಬೆರೆಸಿದಾಗ ಅದು ನೊರೆಯಾಗಿ ಉಕ್ಕಿ ನೆಲದ ಮೇಲೆಲ್ಲ ಹರಿದಿತ್ತು. ನೀರು ಸೋಕಿದರೆ ಮಾತ್ರ ಹಾಗಾಗುವುದು. ಟ್ಯಾಂಕಿನ ಕೋಣೆಯ ಬೀಗದ ಕೈ ಇದ್ದದ್ದು ಮೇಲ್ವಿಚಾರಕನ ಬಳಿ ಮತ್ತು ಆ ಇಬ್ಬರು ವಿಜ್ಞಾನಿಗಳ ಬಳಿ ಮಾತ್ರ.

"ನಿನ್ನ ಮೇಲೇ ಯಾಕೆ ಅನುಮಾನ?" ಎಂದರು ಭಾವ.

"ಇವರ ಅಂಟು ಗೆದ್ರೆ ನಮಗೆಲ್ಲ ರಜಾ ಅಂತ ತಮಾಷೆ ಮಾಡಿದ್ದೆ. ಮೊದಲ ದಿನವೇ ಇಬ್ಬರಿಗೂ ಹೇಳಿಕೊಟ್ಟಿದ್ದೆ ಸಾರ್, ಟ್ಯಾಂಕಿಗೆ ನೀರು ತೋರಿಸಬೇಡಿ ಅಂತ. ಆ ಹುಡುಗಿ ಕೂಲಂಕಷವಾಗಿ ಕೇಳಿಕೊಂಡಳು. ಪ್ರೊಫೆಸರು ತಮ್ಮ ಪ್ರಬಂಧ ತಿದ್ದುತ್ತಾ ಕೂತಿದ್ದರು."

ಇವನೇ ಮಾಡಿರಬೇಕೆಂದು ನನಗನ್ನಿಸಿತು. ಭಾವ ಟ್ಯಾಂಕಿನ ಬಳಿ ಹೋದರು. ನೊರೆ ಒಂದು ಬದಿಯಿಂದ ಉಕ್ಕಿ ಚೆಲ್ಲಿತ್ತು; ಅದು ಮುಟ್ಟದ ಇನ್ನೊಂದು ಬದಿಯ ಮೇಲಂಚು ಒಳಗಡೆ ಫಳಫಳ ಹೊಳೆಯುತ್ತಿತ್ತು. ಪಕ್ಕದ ಟ್ಯಾಂಕಿನ ಒಳಗೆಲ್ಲ ಹಳೇ ಅಂಟು ಪದರಗಟ್ಟಿತ್ತು. ಭಾವ ಹೊಳೆಯುವ ಟ್ಯಾಂಕಿನ ತಳದ ಪೈಪನ್ನು ತಟ್ಟಿ ನೋಡಿ, "ಎಲ್ಲರನ್ನೂ ಊಟದ ಕೋಣೆಗೆ ಕರಿ," ಎಂದರು.

ಎಲ್ಲರೂ ಬಂದರು. ಮಾಲಕಿ ಮುಖ ಗಂಟಿಕ್ಕಿಕೊಂಡಿದ್ದರು. ಶಿಷ್ಯೆ ತಲೆ ಎತ್ತಲಿಲ್ಲ.

"ಕೆಡಿಸಬೇಕು ಅಂದುಕೊಂಡವನು ಒಂದು ಚೊಂಬು ನೀರು ಸುರಿದು ಹೋಗ್ತಾನೆ," ಎಂದರು ಭಾವ. "ಅಂಚಿನ ತನಕ ಉಜ್ಜಿ ತೊಳೆಯೋದಿಲ್ಲ. ತೊಳೆದವರಿಗೆ ಅಂಟು ಗೆಲ್ಲಬೇಕಿತ್ತು. ಮೇಲ್ವಿಚಾರಕನಿಗಂತೂ ತೊಳೆಯಬಾರದು ಅಂತ ಗೊತ್ತು. ಈ ಹುಡುಗಿಗೂ ಗೊತ್ತು, ಪಾಠ ಕೇಳಿದ್ದಾಳೆ. ತೊಳೆಯದ ಪಾತ್ರೆ ಮುಟ್ಟದವರು ಇಲ್ಲಿ ಒಬ್ಬರೇ."

ಪ್ರೊಫೆಸರರ ಕೈ ಲೋಟದ ಮೇಲೆ ಹಾಗೇ ನಿಂತಿತು.

"ಈ ಅಂಟಿಗೆ ನೀರಾಗದು ಅಂತ ನಿಮಗೂ ಗೊತ್ತು ಸಾರ್, ಅದಕ್ಕೇ ಚೆನ್ನಾಗಿ ಒರೆಸಿದ್ರಿ. ಆದರೆ ಪ್ರಯೋಗಾಲಯದಲ್ಲಿ ಪಾತ್ರೆ ಬೋರಲು ಹಾಕ್ತೀರಿ, ಆರುತ್ತೆ. ಈ ಟ್ಯಾಂಕನ್ನ ಬೋರಲು ಹಾಕೋರು ಯಾರು? ತಳದ ಪೈಪಲ್ಲಿ ನೀರು ನಿಂತುಬಿಡ್ತು. ಇಷ್ಟು ಬರೀ ಕೈತಪ್ಪು, ಬೇಕಂತ ಮಾಡಿದ್ದಲ್ಲ."

ಭಾವ ದನಿ ತಗ್ಗಿಸಿದರು. "ನೊರೆ ಉಕ್ಕಿದ ಕೂಡಲೇ ನಿಮಗೆ ಅರ್ಥ ಆಗಿತ್ತು. ಆದರೂ ಸುಮ್ಮನಿದ್ರಿ."

ಪ್ರೊಫೆಸರರ ಮುಖ ಕಪ್ಪಿಟ್ಟಿತು. "ಹೌದು," ಎಂದರು. "ಪಾತ್ರೆ ತೊಳೆಯೋದನ್ನ ನನಗೆ ಹೇಳಿಕೊಡ್ತಾನಾ ಅಂತ ಪಾಠ ಕೇಳಲಿಲ್ಲ. ಆಮೇಲೆ ಒಪ್ಪಿಕೊಳ್ಳೋಕೆ ನಾಚಿಕೆಯಾಯ್ತು."

"ನಾನು ನೋಡಿದ್ದೆ," ಎಂದು ಶಿಷ್ಯೆ ಅತ್ತುಬಿಟ್ಟಳು. "ಬೆಳಗ್ಗೆ ಟ್ಯಾಂಕ್ ಹೊಳೀತಿತ್ತು. ಗುರುಗಳಿಗೆ ಹೇಗೆ ಹೇಳೋದು ಅಂತ ಬಾಯಿ ಬಿಡಲಿಲ್ಲ."

ಕೂಡಲೇ ಮೇಲ್ವಿಚಾರಕನನ್ನು ಅನುಮಾನಿಸಿದ್ದ ನಾನು ಪಾತ್ರೆಗಳತ್ತ ಮುಖ ತಿರುಗಿಸಿದೆ. ಮಾಲಕಿ ಮೇಲ್ವಿಚಾರಕನ ಕ್ಷಮೆ ಕೇಳಿದರು. ಪ್ರೊಫೆಸರು ಎದ್ದು ಕೈಮುಗಿದರು.

ಅವನು ಸುಲಭಕ್ಕೆ ಕರಗಲಿಲ್ಲ. "ನನ್ನ ಹೆಂಡತಿಗೆ ಆಗಲೇ ಫೋನ್ ಮಾಡಿ ಕೆಲಸ ಹೋಯ್ತು ಅಂದಿದ್ದೆ ಸಾರ್," ಎಂದ. "ಅವಳಿಗೆ ನೀವೇ ಹೇಳಿ," ಎಂದು ನಂಬರು ಒತ್ತಿ ತನ್ನ ಫೋನನ್ನು ಪ್ರೊಫೆಸರರ ಮುಂದಿಟ್ಟ.

ಪ್ರೊಫೆಸರು ಅದನ್ನೆತ್ತಿಕೊಂಡರು. "ಅಮ್ಮಾ, ನಾನು ನಿಮ್ಮ ಯಜಮಾನರ ವಿದ್ಯಾರ್ಥಿ ಮಾತಾಡ್ತಿರೋದು," ಎಂದರು.