ಕೆಂಪು ಬಾರದ ಪರದೆ

“ಎಲ್ಲರಿಗೂ ಬಂದಿದ್ದು ನನಗೊಬ್ಬಳಿಗೆ ಯಾಕೆ ಬರಲಿಲ್ಲ?”

ಠಾಣೆಯ ಬೆಂಚಿನ ಮೇಲೆ ಕೂತಿದ್ದ ನರ್ಸ್ ಗೋಡೆ ನೋಡುತ್ತ ಕೇಳಿದಳು. ಪ್ರಶ್ನೆ ಯಾರನ್ನೂ ಉದ್ದೇಶಿಸಿದ್ದಲ್ಲ. ಆದರೂ ಎದುರಿನ ಮೇಜಿನ ರೈಟರ್ ತಲೆಯೆತ್ತಿದ.

“ಏನಮ್ಮ ಬರಲಿಲ್ಲ? ಸಂಬಳಾನಾ?”

“ಎಚ್ಚರಿಕೆ ಸಾರ್.”

ರೈಟರ್ ಪೆನ್ನು ಕೆಳಗಿಟ್ಟು ಆಕೆಯನ್ನು ಒಳಗೆ ಕಳಿಸಿದ. ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರಿಂದ ಅವಳ ಕೈಯಿಂದ ಇನ್ನೂ ಡೆಟಾಲ್ ವಾಸನೆ ಬರುತ್ತಿತ್ತು. ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು.

ಅವಳು ಹೇಳಿದ್ದಿಷ್ಟು. ಆಸ್ಪತ್ರೆಯ ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಶನಿವಾರ ಮುಗಿದಿತ್ತು. ಕಚೇರಿಯವರು ನವೀಕರಿಸಲು ಮರೆತಿದ್ದರು. ಡ್ಯೂಟಿ ಪಟ್ಟಿ ನೋಡಲು ಹೋದವರಿಗೆಲ್ಲ ಕೆಂಪು ಪರದೆ, ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಇವಳ ಲ್ಯಾಪ್‌ಟಾಪಿನಲ್ಲಿ ಮಾತ್ರ ತಾಣ ಏನೂ ಆಗದ ಹಾಗೆ ತೆರೆದುಕೊಂಡಿತ್ತು. “ನಿನ್ನದು ಗಂಡೆದೆಯ ಲ್ಯಾಪ್‌ಟಾಪ್ ಕಣೇ” ಎಂದು ಜೊತೆಯವರು ನಕ್ಕಿದ್ದರು. ಇವಳಿಗೆ ನಗು ಬಂದಿರಲಿಲ್ಲ. ಬೇರೆ ಯಾವುದೋ ಯಂತ್ರ ನಿಮ್ಮ ಖಾತೆಯೊಳಗೆ ಬಂದಿದೆ ಎಂದು ಅವಳ ಮೇಲ್ ಎರಡು ಸಲ ತಿಳಿಸಿತ್ತು. ಪಾಸ್‌ವರ್ಡ್ ಬದಲಾಯಿಸಿದರೂ ಆ ಯಂತ್ರ ಮತ್ತೆ ಬಂದಿತ್ತು.

“ರೋಗಿಗಳ ರಿಪೋರ್ಟೂ ಅದರಲ್ಲೇ ನೋಡ್ತೀನಿ ಸಾರ್. ಅದೇನಾದ್ರೂ ಹೊರಗೆ ಹೋಗಿದ್ರೆ ನನ್ನ ಕೆಲಸ ಹೋಗತ್ತೆ. ನಮ್ಮನೇಲಿ ದುಡಿಯೋಳು ನಾನೊಬ್ಬಳೇ.”

ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಎದುರಿನ ಜೆರಾಕ್ಸ್ ಅಂಗಡಿಯವನನ್ನೂ ಪಕ್ಕದ ದರ್ಜಿಯನ್ನೂ ಪಂಚರನ್ನಾಗಿ ಕರೆಸಿ, ಪಂಚನಾಮೆ ಬರೆದು, ಲ್ಯಾಪ್‌ಟಾಪನ್ನು ವಶಕ್ಕೆ ತೆಗೆದುಕೊಂಡರು. ಅದನ್ನು ಪರೀಕ್ಷಿಸುವ ಕೆಲಸ ಮಹಿಳಾ ಕಾನ್‌ಸ್ಟೇಬಲ್‌ಗೆ ಬಂತು. ಕಂಪ್ಯೂಟರ್ ತರಬೇತಿ ಮುಗಿಸಿ ಬಂದ ದಿನದಿಂದ ಠಾಣೆಯೆಲ್ಲ ಅವಳನ್ನು ಸೈಬರಕ್ಕ ಎನ್ನುತ್ತಿತ್ತು.

ಮಧ್ಯಾಹ್ನ ಸೈಬರಕ್ಕ ಇನ್ಸ್‌ಪೆಕ್ಟರನ್ನು ಕರೆದಳು. ವಿಳಾಸದ ಪಕ್ಕದ ಬೀಗದ ಗುರುತನ್ನು ಒತ್ತಿ ತೋರಿಸಿದಳು.

“ಪ್ರತಿ ತಾಣಕ್ಕೂ ಒಂದು ಗುರುತಿನ ಚೀಟಿ ಇರತ್ತೆ ಸಾರ್. ಬ್ಯಾಂಕಿಗೆ ಒಬ್ಬರು ಕೊಟ್ಟಿರ್ತಾರೆ, ಮೇಲ್‌ಗೆ ಇನ್ನೊಬ್ಬರು. ಇಲ್ಲಿ ನೋಡಿ, ಎಲ್ಲದಕ್ಕೂ ಕೊಟ್ಟೋನು ಒಬ್ಬನೇ.”

“ಯಾರವನು?”

“ಯಾರೂ ಅಲ್ಲ. ಮನೇಲಿ ಕೂತು ಮಾಡಿಕೊಂಡ ಮುದ್ರೆ. ಅದನ್ನ ನಂಬು ಅಂತ ಬ್ರೌಸರ್‌ಗೆ ಹೇಳಿಕೊಟ್ಟಿದ್ದಾರೆ. ಇಲ್ಲಿಂದ ಹೊರಡೋದೆಲ್ಲ ಮೊದಲು ಆ ಮುದ್ರೆ ಮಾಡಿದೋನ ಯಂತ್ರಕ್ಕೆ ಹೋಗತ್ತೆ. ಅವನು ಓದ್ಕೋತಾನೆ, ಆಮೇಲೆ ಮುಂದಕ್ಕೆ ಬಿಡ್ತಾನೆ.”

“ಅಂಚೆಯವನೇ ಕಾಗದ ಒಡೆದು ಓದಿ, ಮತ್ತೆ ಅಂಟಿಸಿ ಕೊಟ್ಟ ಹಾಗೆ.”

“ಹಾಗೇ. ಆದ್ರೆ ಒಂದು ತಪ್ಪು ಮಾಡಿದ್ದಾನೆ. ಆ ಕಡೆ ಯಾವ ಪ್ರಮಾಣಪತ್ರ ಕೆಟ್ಟಿದ್ರೂ ಹೇಳಬೇಡ ಅಂತ ತನ್ನ ಯಂತ್ರದ ಬಾಯಿ ಕಟ್ಟಿಬಿಟ್ಟಿದ್ದಾನೆ. ಕಟ್ಟದೇ ಇದ್ದಿದ್ರೆ ಶನಿವಾರ ಈಯಮ್ಮನಿಗೂ ಎಲ್ಲರ ಹಾಗೆ ಕೆಂಪು ಬರ್ತಿತ್ತು. ಇಷ್ಟು ಬೇಗ ಅನುಮಾನ ಬರ್ತಿರಲಿಲ್ಲ.”

“ಯಾಕೆ ಕಟ್ಟಿದ?”

“ಅದೇ ತಲೆಗೆ ಹೋಗ್ತಿಲ್ಲ ಸಾರ್. ಇಷ್ಟು ಕೆಲಸ ಬಲ್ಲೋನು ಮಾಡೋ ತಪ್ಪಲ್ಲ ಇದು.”

ಸಂಜೆ ನರ್ಸನ್ನು ಮತ್ತೆ ಕರೆಸಿದರು.

“ಈಚೆಗೆ ಯಾರಾದ್ರೂ ಇದನ್ನ ರಿಪೇರಿ ಮಾಡಿದ್ರಾ?”

“ಹೋದ ತಿಂಗಳು. ಯಾವ ತಾಣ ತೆರೆದ್ರೂ ಕೆಂಪೇ. ಲ್ಯಾಪ್‌ಟಾಪಿನ ತಾರೀಕು ವರ್ಷಗಟ್ಟಲೆ ಹಿಂದೆ ಬಿದ್ದಿತ್ತು, ಅದಕ್ಕೇ. ಒಳಗಿನ ಸಣ್ಣ ಬ್ಯಾಟರಿ ಸತ್ತಿದೆ ಅಂದ್ರು. ಹಾಕಿಕೊಟ್ರು.”

“ಯಾರು?”

“ಆಸ್ಪತ್ರೆ ಹಿಂದಿನ ಬೀದಿ ರಿಪೇರಿಯಣ್ಣ. ಅವರು ಅಂಥೋರಲ್ಲ ಸಾರ್.”

“ಅಂಥೋರು ಅಂತ ನಾನೆಲ್ಲಿ ಅಂದೆ?”

ಅವಳು ತಲೆ ತಗ್ಗಿಸಿದಳು. “ಅವರ ಹೆಂಡತಿ ನಮ್ಮ ವಾರ್ಡಲ್ಲಿದ್ರು. ತೀರಿಕೊಂಡ್ರು.”

ಮರುದಿನ ಇಂಟರ್ನೆಟ್ ಕಂಪನಿಗೆ ಪತ್ರ ಹೋಯಿತು. ಬುಧವಾರ ಉತ್ತರ ಬಂತು. ನರ್ಸಿನ ಮೇಲ್ ಹಾದುಹೋಗುತ್ತಿದ್ದ ಯಂತ್ರ ಇದ್ದದ್ದು ಆ ಹಿಂದಿನ ಬೀದಿಯ ಅಂಗಡಿಯಲ್ಲೇ. ಆದರೂ ಇನ್ಸ್‌ಪೆಕ್ಟರ್ ಅವಸರ ಮಾಡಲಿಲ್ಲ. ಇನ್ನೆಷ್ಟು ಜನರ ಲ್ಯಾಪ್‌ಟಾಪಿಗೆ ಈ ಮುದ್ರೆ ಬಿದ್ದಿದೆಯೋ ತಿಳಿಯಬೇಕಿತ್ತು. ಒಂದು ಹಳೆಯ ಲ್ಯಾಪ್‌ಟಾಪಿನ ತಾರೀಕು ಕೆಡಿಸಿ, ಸೈಬರಕ್ಕನಿಗೆ ಮಾಮೂಲಿ ಬಟ್ಟೆ ಹಾಕಿಸಿ ಕಳಿಸಿದರು.

ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಸಂದು. ಬಿಚ್ಚಿದ ಯಂತ್ರಗಳು, ತವರದ ಡಬ್ಬಿಗಳಲ್ಲಿ ಸ್ಕ್ರೂ, ಮೊಳೆಗೆ ತೂಗುಹಾಕಿದ ಹೆಂಗಸಿನ ಸ್ವೆಟರ್. ಐವತ್ತರ ಆಸುಪಾಸಿನ ಮನುಷ್ಯ ಕನ್ನಡಕವನ್ನು ಹಣೆಗೇರಿಸಿ ತಾರೀಕು ಸರಿಪಡಿಸಿದ.

“ಇನ್ನು ಕೆಂಪು ಬರಲ್ವಾ ಅಣ್ಣಾ?”

“ಬಂದ್ರೆ ಬೈಕೋಬೇಡಮ್ಮ. ಅದು ಮನೆ ಕಾಯೋ ನಾಯಿ ಇದ್ದ ಹಾಗೆ. ಬೊಗಳಿದ್ರೆ ಯಾರು ಬಂದ್ರು ಅಂತ ನೋಡಬೇಕು, ಬಾಯಿಗೆ ಬಟ್ಟೆ ತುರುಕಬಾರದು.”

ಠಾಣೆಗೆ ತಂದು ನೋಡಿದರೆ ಆ ಲ್ಯಾಪ್‌ಟಾಪಿನಲ್ಲಿ ಯಾವ ಮುದ್ರೆಯೂ ಇರಲಿಲ್ಲ.

“ಅಂದ್ರೆ ಅವನಿಗೆ ಬೇಕಾಗಿದ್ದು ಅವಳೊಬ್ಬಳೇ,” ಎಂದರು ಇನ್ಸ್‌ಪೆಕ್ಟರ್.

ಗುರುವಾರ ಹನ್ನೊಂದು ಗಂಟೆಗೆ ಶೋಧನಾ ವಾರೆಂಟಿನೊಂದಿಗೆ ಹೋದಾಗ ರಿಪೇರಿಯಣ್ಣ ಎದ್ದು ನಿಂತು, ತಾನಾಗಿಯೇ ಮೂಲೆಯ ಯಂತ್ರ ತೋರಿಸಿದ. “ಅದರಲ್ಲಿದೆ ಸಾರ್.” ಬ್ಯಾಂಕಿನ ವಿವರವಾಗಲಿ ರೋಗಿಗಳ ರಿಪೋರ್ಟಾಗಲಿ ಅದರಲ್ಲಿ ಇರಲಿಲ್ಲ. ಉಳಿಸಿಕೊಂಡಿದ್ದು ನರ್ಸ್ ತನ್ನ ಅಕ್ಕನಿಗೆ ಬರೆದ ಮೇಲ್‌ಗಳನ್ನು ಮಾತ್ರ. ಅಮ್ಮನ ಮಂಡಿನೋವು, ಮನೆ ಓನರಿನ ಕಾಟ, ಸಾಕಾಗದ ನಿದ್ದೆ.

ಠಾಣೆಯಲ್ಲಿ ವಿಚಾರಣೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಏನು ಹುಡುಕ್ತಿದ್ದೆ?”

“ಒಂದು ಮಾತು ಸಾರ್.”

“ಬಿಡಿಸಿ ಹೇಳು.”

“ಅವತ್ತು ನಾನು ನನ್ನ ಹೆಂಡತಿ ಮಂಚದ ಪಕ್ಕದಲ್ಲೇ ಇದ್ದೆ. ವಾರ್ಡಿನ ಕಂಪ್ಯೂಟರಲ್ಲಿ ಇದೇ ಕೆಂಪು ಪರದೆ ಬಂದು ಔಷಧಿ ಪಟ್ಟಿ ತೆರೀತಿರಲಿಲ್ಲ. ಈ ಸಿಸ್ಟರೇ ಬಂದು, ಅಣ್ಣಾ, ಒಂಚೂರು ನೋಡ್ತೀರಾ ಅಂದ್ರು. ಎದ್ದು ಹೋದೆ. ಸರಿಮಾಡಿ ತಿರುಗಿ ಬಂದೆ. ಇವಳಿರಲಿಲ್ಲ.”

ಇನ್ಸ್‌ಪೆಕ್ಟರ್ ನೀರಿನ ಲೋಟವನ್ನು ಅವನತ್ತ ಸರಿಸಿದರು.

“ಮಂಚದ ಹತ್ರ ಇದ್ದೋರು ಸಿಸ್ಟರೇ. ಏನಾದ್ರೂ ಅಂದ್ಲಾ ಅಂತ ಕೇಳಿದೆ. ಏನಿಲ್ಲ, ನೆಮ್ಮದಿಯಾಗಿ ಹೋದ್ರು ಅಂದ್ರು. ಹಾಗನ್ನೋವಾಗ ನನ್ನ ಮುಖ ನೋಡಲಿಲ್ಲ. ಆಮೇಲೊಂದಿನ ಲ್ಯಾಪ್‌ಟಾಪ್ ತಂದ್ರು. ಅಕ್ಕನಿಗಾದ್ರೂ ಬರೆದಿರ್ತಾರೆ ಅನ್ನಿಸ್ತು. ತಪ್ಪು ಅಂತ ಗೊತ್ತಿತ್ತು, ಮಾಡಿದೆ.”

“ಸಿಕ್ತಾ?”

“ಇಲ್ಲ.”

“ಎಚ್ಚರಿಕೆ ಬರದ ಹಾಗೆ ಯಾಕೆ ಮಾಡಿದೆ? ಸಿಕ್ಕಿಬಿದ್ದಿದ್ದೇ ಅದರಿಂದ.”

ರಿಪೇರಿಯಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ. “ಆ ಕೆಂಪು ಇನ್ನೊಂದ್ಸಲ ಅವರ ಮುಂದೆ ಬರೋದು ಬೇಡ ಅನ್ನಿಸ್ತು ಸಾರ್. ಅವರಿಗೂ ಸಂಕಟ ಇದ್ದೀತು.”

ಬಂಧನದ ಪತ್ರಕ್ಕೆ ಅವನು ಸಹಿ ಹಾಕಿದಾಗ ಮಧ್ಯಾಹ್ನ ಎರಡು ದಾಟಿತ್ತು.

ಶುಕ್ರವಾರ ಬೆಳಿಗ್ಗೆ ಪೂರಕ ಹೇಳಿಕೆಗಾಗಿ ನರ್ಸ್ ಬಂದಳು. ರಿಪೇರಿಯಣ್ಣ ಹಾಗೆ ಮಾಡಿದ ಕಾರಣ ಕೇಳಿ ಸೆರಗಿನ ತುದಿ ಹಿಡಿದುಕೊಂಡಳು. ಆಮೇಲೆ ಇನ್ಸ್‌ಪೆಕ್ಟರಿನ ಕೈಯಲ್ಲಿದ್ದ ಪೆನ್ನು ನೋಡಿದಳು.

“ಹೇಳಿಕೆಯ ಪ್ರತಿ ಅವರಿಗೂ ಸಿಗತ್ತಾ ಸಾರ್?”

“ಚಾರ್ಜ್‌ಶೀಟ್ ಜೊತೆ ಸಿಗತ್ತೆ.”

“ಹಾಗಾದ್ರೆ ಇದನ್ನ ಬರೀಬೇಡಿ.”

ಇನ್ಸ್‌ಪೆಕ್ಟರ್ ಪೆನ್ನಿಗೆ ಮುಚ್ಚಳ ಹಾಕಿದರು.

“ಅವತ್ತು ಬೆಳಿಗ್ಗೆ ಮನೆಗೆ ಹೋಗೋಣ ಅಂತ ಅಣ್ಣನ ಹೆಂಡತಿ ಹಟ ಮಾಡಿದ್ರು. ಅಣ್ಣ ಗದರಿದ್ರು, ಎಲ್ಲರೂ ಗದರೋ ಹಾಗೆ. ಆಮೇಲೆ ನಾನು ಕಂಪ್ಯೂಟರ್‌ಗೆ ಅಂತ ಇವರನ್ನ ಕರ್ಕೊಂಡು ಹೋದಾಗ ಆಯಮ್ಮನಿಗೆ ಜೋಂಪು ಹತ್ತಿತ್ತು. ಎಚ್ಚರ ಆದಾಗ ಸ್ಟೂಲ್ ಖಾಲಿ. ‘ಇವರು ಕೋಪಕ್ಕೇ ಎದ್ದು ಹೋದ್ರಾ ಸಿಸ್ಟರ್? ಕರೀರಿ, ಇನ್ನು ಹಟ ಮಾಡಲ್ಲ ಅನ್ನಿ,’ ಅಂದ್ರು. ಅಣ್ಣ ಮಂಚದ ಪರದೆ ಆಚೆಗೇ ಇದ್ರು ಸಾರ್. ಒಂದು ಕೂಗು ಹಾಕಿದ್ರೆ ಬರ್ತಿದ್ರು. ಔಷಧಿ ಪಟ್ಟಿ ಇನ್ನೇನು ತೆರ್ಕೊಳ್ಳತ್ತೆ, ಒಂದು ನಿಮಿಷ ತಡೆಯೋಣ ಅಂದ್ಕೊಂಡೆ. ಆ ನಿಮಿಷದಲ್ಲೇ ಆಯಮ್ಮ ಹೋಗಿಬಿಟ್ರು. ಅಕ್ಕನಿಗೂ ಬರೆದಿಲ್ಲ. ಬರೆಯೋಕೆ ಕೈ ಬರಲಿಲ್ಲ.”

ಇನ್ಸ್‌ಪೆಕ್ಟರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. “ಏನಾದ್ರೂ ಒಳ್ಳೇ ಮಾತು ಹೇಳಿಬಿಡಿ ಅವನಿಗೆ. ನಿಮ್ಮ ಹೆಸರು ಹಿಡಿದು ಕರೆದ್ರು ಅಂತಲೋ ಏನೋ.”

“ಒಂದು ಸುಳ್ಳು ಹೇಳಿದ್ದಕ್ಕೇ ಇಷ್ಟಾಯ್ತು. ಇನ್ನೊಂದನ್ನ ನಂಬ್ತಾರಾ?”

ಅವಳು ಹೊರಗೆ ಬರುವ ಹೊತ್ತಿಗೇ ರಿಪೇರಿಯಣ್ಣನನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಲಾಕಪ್ಪಿನಿಂದ ತಂದರು. ಸೈಬರಕ್ಕ ತೋಳು ಹಿಡಿದಿದ್ದಳು. ನರ್ಸನ್ನು ಕಂಡು ಅವನು ನಿಂತ, ಸೈಬರಕ್ಕ ಎಳೆಯಲಿಲ್ಲ.

“ಕ್ಷಮಿಸಿ ಅಂತ ಕೇಳಲ್ಲ ಸಿಸ್ಟರ್. ಕ್ಷಮಿಸೋಂಥದ್ದಲ್ಲ ನಾನು ಮಾಡಿದ್ದು. ಅವಳು ಏನಂದ್ಲು, ಅಷ್ಟು ಹೇಳಿ. ಬೈದಿದ್ರೂ ಪರವಾಗಿಲ್ಲ. ಎಷ್ಟು ವರ್ಷ ಒಳಗೆ ಹಾಕಿದ್ರೂ ಸುಮ್ಮನಿರ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಿ ತಾಯಿ.”

ರೈಟರ್ ಬರೆಯುವುದನ್ನು ನಿಲ್ಲಿಸಿದ. ನರ್ಸ್ ಈ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

“ಇಲ್ಲಣ್ಣಾ. ಹೇಳಲ್ಲ.”