ಕೌದಿಯ ಹೊಟ್ಟೆಯ ಅಕ್ಕಿ

ಆ ಡಿಸೆಂಬರ್ ಬೆಳಗ್ಗೆ ಹಳಿಯಾಳದ ಕಾಡಂಚಿನ ಸಿದ್ದಿಗಳ ಕೇರಿಯನ್ನು ಮಂಜು ನುಂಗಿ ಕೂತಿತ್ತು. ಹೊದ್ದ ಬಟ್ಟೆಯೂ ಹಿಂಡಿದರೆ ನೀರು ಬರುವಂತಿತ್ತು. ಗುಡಿಸಲೊಳಗೆ ಕತ್ರೀನಜ್ಜಿಯ ಎಂಟು ದಿನದ ಮೊಮ್ಮಗು ಮಲಗಿತ್ತು. ತಿಂಗಳು ತುಂಬದೆ ಹುಟ್ಟಿದ, ಒಂದೂವರೆ ಕಿಲೋದ ಜೀವ. ಅದು ಉಸಿರಾಡುವುದನ್ನು ಮರೆತಾಗಲೆಲ್ಲ ಹೊದ್ದ ಕೌದಿಯೇ ಸಣ್ಣಗೆ ನಡುಗಿ ನೆನಪಿಸುತ್ತಿತ್ತು. ಅಂಚಿನಲ್ಲಿ ಹಸಿರು ಚುಕ್ಕೆಯೊಂದು ಮಿನುಗುತ್ತಿತ್ತು.

ಹಳೆಯ ಸೀರೆಯ ತುಂಡುಗಳ ನಡುವೆ ಹೊಲಿದ ನೂಲೇ ಅದರ ಗುಟ್ಟು. ಎದೆಯ ಏರಿಳಿತಕ್ಕೆ ಹಿಗ್ಗಿ ಕುಗ್ಗಿ ಉಸಿರೆಣಿಸುವ ಆ ನೂಲು ಒಮ್ಮೆ ಬಿಸಿಲಿಗೆ ಹರವಿದರೆ ತಿಂಗಳಿಗಾಗುವಷ್ಟು ಶಕ್ತಿ ತುಂಬಿಕೊಳ್ಳುತ್ತಿತ್ತು. ಆಸ್ಪತ್ರೆ ನಲವತ್ತು ಮೈಲಿ ದೂರವಿದ್ದ ಊರುಗಳಿಗೆ ಅದೇ ಆಸ್ಪತ್ರೆ. ಆದರೆ ಮಂಜು ಇಳಿದ ಮೇಲೆ ಸುತ್ತಲಿನ ಕೌದಿಗಳು ಒಂದೊಂದಾಗಿ ಮೂಕವಾಗಿದ್ದವು. ಕಾರಣ ಹುಡುಕುತ್ತ, ನೂಲನ್ನು ಕಂಡುಹಿಡಿದ ಡಾ. ಇಂದುಶ್ರೀಯೇ ಬಂದಿದ್ದಳು. ಇದೊಂದು ಕೌದಿಯ ಹೊಟ್ಟೆ ಉಬ್ಬಿದ್ದನ್ನು ಕಂಡು ಹುಬ್ಬು ಗಂಟಿಕ್ಕಿದಳು.

"ಒಳಗೇನಿದೆ ಅಜ್ಜಿ?"

"ಅಕ್ಕಿರಿ. ಹುರದು ಬಿಸಿಬಿಸಿ ಹಾಕೀನಿ. ಹಸದ ಕೌದಿ ಕೂಸಿನ್ನ ಕಾಯ್ತದೇನ್ರಿ? ನಿಮ್ಮ ಬೆಂಗಳೂರಾಗ ಹೊಟ್ಟಿ ಖಾಲಿ ಇದ್ರನ ಚಂದಂತ, ನಮ್ಮಲ್ಲಿ ಹಂಗಲ್ಲ."

ಹಿಡಿ ಅಕ್ಕಿ ಉಣಿಸದೆ ಕೌದಿಗೆ ಕೊನೆಯ ಹೊಲಿಗೆ ಹಾಕುವ ಪದ್ಧತಿ ಆಕೆಯ ಮನೆತನದಲ್ಲಿರಲಿಲ್ಲ.

"ನಿಯಮದ ಪ್ರಕಾರ ನೂಲು ಬಿಟ್ಟು ಬೇರೇನೂ ಇರಬಾರದು," ಎಂದು ಇಂದುಶ್ರೀ ಹೊಲಿಗೆ ಬಿಚ್ಚಿ ಅಕ್ಕಿಯನ್ನು ಚೀಲಕ್ಕೆ ಸುರಿದುಕೊಂಡಳು.

"ಕೌದಿ ತುತ್ತು ಕಸಗೊಂಡೀರಿ ಅಕ್ಕಾರ. ತಿರುಗಿ ಕೊಡಬೇಕಾಗ್ತದ ಮತ್ತ."

ತಾಸು ಕಳೆಯುವಷ್ಟರಲ್ಲಿ ಹಸಿರು ಚುಕ್ಕೆ ಆರಿತು. ಮಗುವಿನ ತುಟಿ ನೀಲಿಗಟ್ಟಿತು, ಕೌದಿ ನಡುಗಲಿಲ್ಲ. ಅಜ್ಜಿ ಅಂಗಾಲು ತಿಕ್ಕಿದಳು, ದೇವರ ಹೆಸರು ಹೇಳುತ್ತ ಮತ್ತೆ ತಿಕ್ಕಿದಳು. ಮಗು ಅತ್ತಿತು. ಅದನ್ನು ಬಾಣಂತಿ ಮಗಳು ಸಬೀನಾಳ ಬರಿಯ ಎದೆಗೆ ಅವಚಿ ಮಲಗಿಸಿದಳು.

ಇಂದುಶ್ರೀ ಬಿಳಿಚಿಕೊಂಡಿದ್ದಳು. "ಬೇರೆ ಕೌದಿ ತರಿಸ್ತೀನಿ. ಇದನ್ನ ಕೊಡಿ."

"ಕೊಡೂದಿಲ್ಲ!" ಅಜ್ಜಿ ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು. "ಎರಡು ಸಾವಿರದ ಇಪ್ಪತ್ತಾರರಾಗ ನನ್ನ ಚೊಚ್ಚಲ ಕೂಸು ಆಸ್ಪತ್ರಿ ದಾರ್ಯಾಗ ಸತ್ತಿತು. ಆವಾಗ ಯಾವ ನಿಯಮ ಬಂದಿತ್ರಿ ಅಡ್ಡ? ನಮ್ಮ ಕೂಸು ಸಾಯಾಕ ನಿಯಮ ಬ್ಯಾಡ, ಬದುಕಾಕ ಅಷ್ಟ ಬೇಕೇನು?"

ಉತ್ತರಕ್ಕೆ ಕಾಯದೆ ಒಲೆ ಹೊತ್ತಿಸಿ, ಗಡಿಗೆಯ ತಳದಲ್ಲಿದ್ದ ಹಿಡಿ ಅಕ್ಕಿಯನ್ನು ಹುರಿದು ಕೌದಿಗೆ ತುಂಬಿ ಹೊಲಿದಳು. ಹೊತ್ತು ನೆತ್ತಿಗೇರುವಾಗ ಚುಕ್ಕೆ ಮತ್ತೆ ಹಸಿರಾಯಿತು.

ಇಂದುಶ್ರೀ ನೋಡುತ್ತಲೇ ಇದ್ದಳು. ಹುರಿದ ಅಕ್ಕಿ ತೇವವನ್ನು ಕುಡಿದು ನೂಲನ್ನು ಒಣಗಿಸಿತ್ತು. ಅವಳ ಪ್ರಯೋಗಾಲಯದಲ್ಲಿ ಎಲ್ಲವೂ ಇತ್ತು, ಮಂಜು ಇರಲಿಲ್ಲ.

ಅವಳು ಚೀಲ ಬಿಚ್ಚಿ, ಒಂದು ಕಾಳೂ ಚೆಲ್ಲದಂತೆ ಅಕ್ಕಿಯನ್ನು ಬೊಗಸೆಗೆ ಸುರಿದುಕೊಂಡು, ಅಜ್ಜಿಯ ಖಾಲಿ ಗಡಿಗೆಯ ಮುಂದೆ ಬಾಗಿದಳು.