ಪುಕ್ಕಟೆ ಊಜೊ ಮುಟ್ಟದವನು

ಚಾಕುವಿನ ತುದಿ ನನ್ನ ಎಡಪಕ್ಕೆಗೆ ತಾಗಿಕೊಂಡಿತ್ತು.

"ತಿರುಗಬೇಡ ಅಕ್ಕಾ," ಅಂದ ಹಿಂದೆ ನಿಂತವನು. "ಸಮುದ್ರ ನೋಡ್ತಾ ಇರು. ಎಷ್ಟು ಚೆನ್ನಾಗಿದೆ ನೋಡು."

ದೋಣಿಯ ಹಿಂಬದಿ. ಕಾಲಡಿ ಎಂಜಿನ್ನಿನ ಗುಡುಗುಡು... ಕಿರುಚಿದರೂ ಯಾರಿಗೂ ಕೇಳದು.

ಕೇಳಿದರೂ ಬರುವವರು ಯಾರು? ಹತ್ತು ಹೆಜ್ಜೆ ಆಚೆ ತೊಂಬತ್ತು ಜನ ಪ್ರವಾಸಿಗರು ಮೈಗೆ ಎಣ್ಣೆ ಬಳಿದುಕೊಂಡು ಬಿದ್ದಿದ್ದರು. ಬೆಳಿಗ್ಗೆ ಹೋಗಿ ಸಂಜೆ ಬರುವ ಜಾತಿ. ನಾಲ್ಕು ಗಂಟೆಯಲ್ಲಿ ಒಂದು ದ್ವೀಪವನ್ನೇ ನೋಡಿ ಮುಗಿಸುವ ಮಹಾನುಭಾವರು. ಕಣ್ಣೆದುರಿಗೆ ನನ್ನನ್ನು ಕೊಂದರೂ, ಸ್ವಲ್ಪ ಪಕ್ಕಕ್ಕೆ ಸರೀರಿ, ಬಿಸಿಲಿಗೆ ಅಡ್ಡ ಆಗ್ತಿದೆ ಎಂದಾರು.

"ಎಲ್ಲಿದಾಳೆ ಅವಳು?"

"ಯಾರು?"

ಚಾಕು ಅಂಗಿ ದಾಟಿತು. ಬಿಸಿಯಾಗಿ ಏನೋ ಸೊಂಟಕ್ಕೆ ಇಳಿಯಿತು.

"ಅಡುಗೆಯವಳು. ಸೆವಸ್ತಿ."

ಹೇಳುತ್ತೇನೆ ಕೇಳಿ. ನನ್ನ ಹೆಸರು ಅರ್ಗಿರೊ. ಗ್ರೀಸಿನ ಪಿರಿಯಸ್ ಬಂದರಿನ ಪೊಲೀಸಿನಲ್ಲಿ ಇಪ್ಪತ್ತು ವರ್ಷ ಸವೆಸಿ, ಈಗ ಸ್ವಂತ ಪತ್ತೇದಾರಿ ಮಾಡುವವಳು. ಸೆವಸ್ತಿ, ಮಾವ್ರಿಕಿಸ್ ಎಂಬ ಧಣಿಯ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದಳು. ಕಳೆದ ಚಳಿಗಾಲದಲ್ಲೊಂದು ದಿನ, ಗಾಳಿ ಜೋರಾಗಿದೆ, ಯಾರೂ ಹೊರಡಕೂಡದು ಎಂದು ಬಂದರಿನವರು ನಿಷೇಧ ಹಾಕಿದ್ದರು. ಮಾವ್ರಿಕಿಸ್ ಹಡಗು ಹೊರಡಿಸಿದ. ಅದು ಮುಳುಗಿ ಹನ್ನೊಂದು ಜನ ಸತ್ತರು. ಸೆವಸ್ತಿಯ ಗಂಡನೂ ಸತ್ತ. "ಹೊರಡಿ" ಎಂದು ಮಾವ್ರಿಕಿಸ್ ಹೇಳಿದ್ದನ್ನು ಕಿವಿಯಾರೆ ಕೇಳಿ ಬದುಕಿ ಉಳಿದವಳು ಅವಳೊಬ್ಬಳೇ.

ನಾಳೆ ಬೆಳಿಗ್ಗೆ ಕೋರ್ಟು. ಅವಳು ಮಿರ್ತಿ ದ್ವೀಪದಲ್ಲಿ ಅಡಗಿದ್ದಾಳೆ. ಅವಳನ್ನು ಜೀವಂತವಾಗಿ ಕರೆತಂದು ಕಟಕಟೆ ಹತ್ತಿಸುವುದು ನನ್ನ ಕೆಲಸ. ದೊಡ್ಡ ಹಡಗುಗಳ ಮೇಲೆಲ್ಲ ಮಾವ್ರಿಕಿಸ್‌ನ ಕಣ್ಣು. ಅದಕ್ಕೇ ಈ ಪಿಕ್ನಿಕ್ ದೋಣಿ. ವಿಷಯ ಗೊತ್ತಿದ್ದದ್ದು ಇದರ ಕ್ಯಾಪ್ಟನ್ ನಿಕಿಫೊರೋಸ್ ಒಬ್ಬನಿಗೇ.

ಹಾಗಾದರೆ ಈ ಚಾಕು ಎಲ್ಲಿಂದ ಬಂತು?

ಹತ್ತು ನಿಮಿಷದ ಹಿಂದೆ ಕ್ಯಾಪ್ಟನ್‌ನ ಹೆಂಡತಿ ಫ್ರೋಸೊ ಪ್ರಯಾಣಿಕರ ಪಟ್ಟಿ ಹಿಡಿದು ಮೈಕಿನಲ್ಲಿ ಕೂಗಿದ್ದಳು. "ಇವತ್ತು ಪ್ರವಾದಿ ಇಲಿಯಾಸನ ದಿನ. ನಮ್ಮಲ್ಲೂ ಒಬ್ಬ ಇಲಿಯಾಸ್ ಇದಾನೆ. ಇಲಿಯಾಸ್ ದ್ರಗೋನಾಸ್... ಬಾಪ್ಪಾ, ನೂರ್ಕಾಲ ಬಾಳು. ಒಂದು ಲೋಟ ಊಜೊ ನಿಂಗೆ ಪುಕ್ಕಟೆ."

ಯಾರೂ ಏಳಲಿಲ್ಲ.

ನಮ್ಮಲ್ಲಿ ಹುಟ್ಟಿದ ದಿನ ಮರೆತವರಿದ್ದಾರೆ, ತನ್ನ ಹೆಸರಿನ ಸಂತನ ದಿನ ಮರೆತವನಿಲ್ಲ. ಬೆಳಗಾದರೆ ಅತ್ತೆ, ಚಿಕ್ಕಮ್ಮ, ಮೂರನೇ ಮನೆಯ ಮುದುಕಿ ಎಲ್ಲರೂ ಫೋನ್ ಮಾಡಿ ನೆನಪಿಸುತ್ತಾರೆ. ಅದರ ಮೇಲೆ ಪುಕ್ಕಟೆ ಊಜೊ ಬೇರೆ, ನಮ್ಮ ಸೋಂಪಿನ ಸಾರಾಯಿ. ಅದನ್ನು ಬಿಟ್ಟುಕೊಟ್ಟು ಕೂರುವ ಗಂಡಸನ್ನು ನಾನಂತೂ ಕಂಡಿಲ್ಲ.

ಇಲಿಯಾಸ್ ಯಾರಪ್ಪಾ ಎಂದು ಎಲ್ಲರೂ ಕತ್ತು ತಿರುಗಿಸಿದರು. ಒಬ್ಬ ಮಾತ್ರ ನನ್ನನ್ನೇ ನೋಡುತ್ತಿದ್ದ. ನೀಲಿ ಅಂಗಿ, ಹೊಸ ಹುಲ್ಲುಟೋಪಿ... ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಕೊಲೆ ಮಾಡಲಿಕ್ಕೂ ಈಗ ಎಂಥೆಂಥ ದಡ್ಡರನ್ನು ಕಳಿಸುತ್ತಾರೋ.

ಅವನನ್ನು ಜನರಿಂದ ದೂರ ಎಳೆಯೋಣವೆಂದು ಹಿಂಬದಿಗೆ ನಡೆದೆ. ಬಂದ. ನಾನು ಅಂದುಕೊಂಡದ್ದಕ್ಕಿಂತ ಬೇಗ ಬಂದ. ದಡ್ಡರ ಲೆಕ್ಕಕ್ಕೆ ನನ್ನನ್ನೂ ಸೇರಿಸಿಕೊಳ್ಳಿ.

"ಇಲಿಯಾಸ್," ಅಂದೆ, "ನಿನ್ನ ಊಜೊ ಕಾಯ್ತಾ ಇದೆ."

"ಯಾವ ಇಲಿಯಾಸ್?"

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ತನ್ನ ಹೆಸರೇನೆಂದು ಆ ಪುಣ್ಯಾತ್ಮನಿಗೆ ಯಾರೂ ಹೇಳಿರಲಿಲ್ಲ.

"ತಮಾಷೆ ಸಾಕು. ಮೂರು ಎಣಿಸ್ತೀನಿ. ಒಂದು..."

ಎಂಜಿನ್ ನಿಂತಿತು. ಹಾರ್ನ್ ಮೊಳಗಿತು.

"ಈಜೋರು ಹಿಂದ್ಗಡೆ ಬನ್ನಿ," ಮೈಕಿನಲ್ಲಿ ಫ್ರೋಸೊ. "ಹದಿನೈದೇ ನಿಮಿಷ."

ನೀರಿಗಿಳಿಯುವ ಏಣಿ ಇದ್ದದ್ದು ನಾವು ನಿಂತಲ್ಲೇ. ತೊಂಬತ್ತು ಜನ ಒಟ್ಟಿಗೆ ನುಗ್ಗಿದರು. ಗಾಳಿ ತುಂಬಿದ ಪ್ಲಾಸ್ಟಿಕ್ ಬಾತುಕೋಳಿಯನ್ನು ಅಪ್ಪಿಕೊಂಡ ಒಬ್ಬ ದಢೂತಿ ಆಸಾಮಿ ಬಂದು ಕೊಲೆಗಾರನ ಬೆನ್ನಿಗೆ ಗುದ್ದಿದ. ಚಾಕು ಒಂದು ಗೇಣು ಸರಿಯಿತು.

ಅಷ್ಟು ಸಾಕಾಗಿತ್ತು.

ಮಣಿಕಟ್ಟು ತಿರುಚಿದೆ. ಮೊಣಕೈಯಿಂದ ಮೂಗಿಗೆ ಕೊಟ್ಟೆ. ಟೋಪಿ, ಚಾಕು, ಮನುಷ್ಯ... ಮೂರೂ ನೀರಿಗೆ.

"ಸಾಲಲ್ಲಿ ಬರ್ಬೇಕು ಕಣ್ರೀ," ಎಂದು ಬಾತುಕೋಳಿಯವನು ನನ್ನನ್ನೇ ಗದರಿದ.

ಕೊಕ್ಕೆಕೋಲು ಹಿಡಿದು ಏಣಿಯ ಬಳಿ ನಿಂತೆ. ಎರಡು ಸಲ ಹತ್ತಲು ಬಂದ. ಎರಡು ಸಲವೂ ನೆತ್ತಿಗೆ ತಟ್ಟಿದೆ. ಕೊನೆಗೆ ಪಕ್ಕದ ಬಂಡೆಗೆ ಈಜಿದ. ಅಲ್ಲಿ ಹಕ್ಕಿಗಳ ಹಿಕ್ಕೆ ಬಿಟ್ಟರೆ ಏನೂ ಇಲ್ಲ. ಹದಿನೈದು ನಿಮಿಷಕ್ಕೆ ದೋಣಿ ಅವನನ್ನು ಬಿಟ್ಟು ಹೊರಟಿತು. ತೊಂಬತ್ತು ಜನರಲ್ಲಿ ಗಮನಿಸಿದವರು ಸೊನ್ನೆ.

ಪಕ್ಕೆಗೆ ಟವೆಲ್ ಒತ್ತಿಕೊಂಡು ಫ್ರೋಸೊಳ ಬಳಿ ಹೋಗಿ ಪಟ್ಟಿ ಕೇಳಿದೆ. ಎಲ್ಲ ಹೆಸರೂ ಟೈಪಾಗಿದ್ದವು. ಕೊನೆಯದೊಂದು ಮಾತ್ರ ಪೆನ್ನಿನಲ್ಲಿ.

"ಇದ್ಯಾರು ಬರ್ದದ್ದು?"

"ನಮ್ಮನೆಯೋರೇ. ಹೊರಡೋ ಗಳಿಗೇಲಿ ಒಬ್ಬನ್ನ ಹತ್ತಿಸ್ಕೊಂಡ್ರು. ಹೆಸರೇನು ಅಂದ್ರೆ, ಗೋಡೆ ನೋಡ್ಕೊಂಡು ಇಲಿಯಾಸ್ ಅಂತ ಗೀಚಿದ್ರು."

ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಇವತ್ತಿನ ಹಾಳೆಯಲ್ಲಿ ಇಲಿಯಾಸ್. ಥೂ ನಿನ್ನ. ಸುಳ್ಳು ಹೆಸರು ಹುಟ್ಟಿಸಲೂ ಈ ಮನುಷ್ಯನಿಗೆ ಸಂತನೊಬ್ಬ ಬೇಕಾಯಿತು.

ನಡೆದದ್ದನ್ನು ಹೇಳಿದೆ. ಫ್ರೋಸೊ ಕೈಯಲ್ಲಿದ್ದ ಲೋಟವನ್ನು ಒರೆಸುತ್ತಲೇ ಇದ್ದಳು. ಮುಖ ಮಾತ್ರ ಬಿಳಿಚಿಕೊಂಡಿತ್ತು.

ಮಿರ್ತಿಯಲ್ಲಿ ಜನ ಇಳಿದ ಮೇಲೆ ನಿಕಿಫೊರೋಸ್‌ನ ಮುಂದೆ ಪಟ್ಟಿ ಹಿಡಿದೆ.

"ಕೊಲ್ತಾನೆ ಅಂತ ಗೊತ್ತಿರ್ಲಿಲ್ಲ ಅರ್ಗಿರೊ, ಆಣೆಗೂ. ಬರೀ ಮಾತಾಡಿಸ್ತಾನೆ ಅಂದ್ರು ಮಾವ್ರಿಕಿಸ್ ಕಡೆಯೋರು."

"ಮಾತಾಡಿಸಿದ. ಪಕ್ಕೆ ಇನ್ನೂ ಸೋರ್ತಿದೆ ನೋಡು."

ಅವನನ್ನು ದೋಣಿಯ ಕಕ್ಕಸಿಗೆ ತಳ್ಳಿದೆ. ಹೊರಗಿನಿಂದ ಚಿಲಕ ಹಾಕಿದವಳು ಫ್ರೋಸೊ. ಬಾಗಿಲ ಮೇಲೆ 'ಕೆಟ್ಟಿದೆ' ಎಂಬ ಹಲಗೆ ಮೊದಲೇ ಇತ್ತು. ಇವತ್ತು ಅದಕ್ಕೂ ಅರ್ಥ ಬಂತು.

ಸೆವಸ್ತಿ ಊರಿನ ಹೋಟೆಲಿನ ಹಿಂಭಾಗದಲ್ಲಿ ಮೀನು ಸೀಳುತ್ತಿದ್ದಳು. ನಡೆದದ್ದನ್ನೆಲ್ಲ ಕೇಳಿದಳು. ತಲೆ ಎತ್ತಲಿಲ್ಲ.

"ನಾನು ದೋಣಿ ಹತ್ತಲ್ಲ," ಅಂದಳು. "ಇಲ್ಲಿಗೆ ಬರೋವಾಗ್ಲೇ ಕಣ್ಮುಚ್ಕೊಂಡು ವಾಂತಿ ಮಾಡ್ಕೊಂಡು ಬಂದೆ. ಇನ್ನಾಗಲ್ಲ."

"ನೀನು ಬರದಿದ್ರೆ ನಾಳೆ ಮಧ್ಯಾಹ್ನ ಮಾವ್ರಿಕಿಸ್ ಮನೇಗೆ ಹೋಗಿ ಊಟ ಮಾಡ್ತಾನೆ."

ಮೀನು ಸೀಳುವ ಕೈ ನಿಂತಿತು.

"ಯಾರು ನಡೆಸ್ತಾರೆ?"

"ನಾನೇ."

"ನಡೆಸಿ ಗೊತ್ತಾ?"

"ಪೊಲೀಸ್ ದೋಣಿ, ಇಪ್ಪತ್ತು ವರ್ಷ. ಇದನ್ನ ಇವತ್ತೇ ಮೊದಲು."

"ಗಾಳಿ?"

"ಕಮ್ಮಿ. ನಿಷೇಧ ಇಲ್ಲ. ಈಗ್ತಾನೆ ಫೋನ್ ಮಾಡಿ ಕೇಳ್ದೆ."

ಸೆವಸ್ತಿ ಚಾಕು ಕೆಳಗಿಟ್ಟು ಕೈ ತೊಳೆದಳು.

ನಾಲ್ಕು ಗಂಟೆಗೆ ಅವಳು ಎರಡೂ ಕೈಯಲ್ಲಿ ಕಂಬಿ ಹಿಡಿದು ದೋಣಿ ಹತ್ತಿದಳು. ಹತ್ತಿದವಳೇ ಲೈಫ್ ಜಾಕೆಟ್ಟಿನ ಪೆಟ್ಟಿಗೆ ತೆರೆದು, ಪ್ರತಿಯೊಬ್ಬರ ಮಡಿಲಿಗೂ ಒಂದೊಂದು ಎಸೆಯುತ್ತ ಬಂದಳು. ಗೊಣಗಾಟ ಶುರುವಾಯಿತು. ಸೆಕೆ. ವಾಸನೆ. ನಾವೇನು ಮಕ್ಕಳಾ?

ಕೆಂಪು ಕನ್ನಡಕದ ಯುವಕನೊಬ್ಬ ಅದನ್ನು ಪಕ್ಕಕ್ಕಿಟ್ಟ. "ಇದ್ ಹಾಕ್ಕೊಂಡ್ರೆ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಕಣಮ್ಮ."

ಸೆವಸ್ತಿ ಬಗ್ಗಿ, ಜಾಕೆಟ್ಟನ್ನು ಅವನ ಕತ್ತಿಗೆ ತಾನೇ ತೊಡಿಸಿ, ಪಟ್ಟಿ ಬಿಗಿದಳು.

"ನನ್ನ ಗಂಡ ಈಗ ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣ್ತಾನೆ ಕಣಪ್ಪ," ಅಂದಳು.